ಮರಿಗಳಿಗೆ ಗಡಸು ನೀರು

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಟೀ ಸೋಸುವ ಜರಡಿ ಎರಡಿದ್ದವು. ಒಂದು ಟೀಗೆ, ಇನ್ನೊಂದು ಬಸವನಹುಳುವಿನ ಮರಿಗಳಿಗೆ. ಯಾವುದು ಯಾವುದಕ್ಕೆ ಎನ್ನುವುದು ನನ್ನ ಮಾವನಿಗೆ ಮಾತ್ರ ಗೊತ್ತಿತ್ತು, ಅವರೂ ಒಮ್ಮೊಮ್ಮೆ ಮರೆಯುತ್ತಿದ್ದರು. ಕೇಳಿದರೆ, "ಎರಡನ್ನೂ ತೊಳೆದಿದ್ದೀನಲ್ಲಮ್ಮ" ಎನ್ನುತ್ತಿದ್ದರು. ತೊಳೆದರೆ ಆಯಿತೇ? ನಾನು ಮನೆಯಲ್ಲಿ ಟೀ ಕುಡಿಯುವುದನ್ನೇ ಬಿಟ್ಟೆ.

ಜರಡಿ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನನ್ನ ಊಟದ ಡಬ್ಬಿ ಹೋಯಿತು. ನನ್ನ ಗಂಡನ ಶೇವಿಂಗ್ ಬ್ರಷ್ ಹೋಯಿತು. ಮಿಕ್ಸಿಯ ಸಣ್ಣ ಜಾರು ಮೊಟ್ಟೆಯ ಚಿಪ್ಪು ಪುಡಿ ಮಾಡಲು ಮೀಸಲಾಯಿತು. ಫ್ರಿಜ್ಜಿನಲ್ಲಿ ಬೇಯಿಸಿದ ಸೌತೆಕಾಯಿಯ ಬಿಲ್ಲೆಗಳು ತಟ್ಟೆಯ ತುಂಬ ಸಾಲಾಗಿ ಕೂತಿರುತ್ತಿದ್ದವು, ಮನುಷ್ಯರಿಗಲ್ಲ. ಒಂದು ಸಂಜೆ ಹಸಿವು ತಡೆಯಲಾರದೆ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡೆ. "ಅದು ಮರಿಗಳದ್ದಮ್ಮ" ಎಂದರು ಮಾವ, ಬೇಸರದಿಂದ. ನನ್ನ ಮನೆಯ ಫ್ರಿಜ್ಜಿನ ಮುಂದೆ ನಾನೇ ಕದ್ದು ತಿಂದವಳ ಹಾಗೆ ನಿಂತೆ.

ಮಾವ ಕೆಲಸದಲ್ಲಿದ್ದಾಗ ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕಟ್ಟು ಹಲ್ಲುಗಳನ್ನು ಮಾಡುತ್ತಿದ್ದವರು. ಡಾಕ್ಟರು ಆಸ್ಪತ್ರೆ ಮುಚ್ಚಿದಾಗ, ರೋಗಿಗಳು ಕಾಯುವ ಕೋಣೆಯಲ್ಲಿದ್ದ ಮೀನಿನ ತೊಟ್ಟಿಯನ್ನು ಮಾವನಿಗೆ ಕೊಟ್ಟು ಕೈಮುಗಿದರು. ಮೀನುಗಳು ಒಂದೊಂದಾಗಿ ಸತ್ತವು. ತೊಟ್ಟಿಯ ಪಾಚಿ ತಿನ್ನಲೆಂದು ತಂದ ಎರಡು ಬಸವನಹುಳು ಮಾತ್ರ ಉಳಿದವು. ಒಂದು ನಿಂಬೆಹಣ್ಣಿನ ಬಣ್ಣದ್ದು, ಇನ್ನೊಂದು ಕಂದು. ಮಾವನ ಕೋಣೆಯಲ್ಲಿ ಮಂಚದ ಪಕ್ಕಕ್ಕೇ ತೊಟ್ಟಿ. ಊಟವಾದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಅವರಿಗೆ ಪ್ರಪಂಚವೇ ಬೇಡ.

ನನ್ನ ಗಂಡನ ವಿಷಯಕ್ಕೆ ಬರೋಣ. ಇವರ ಕೆಲಸ ಗಡಸು ನೀರನ್ನು ಮೆದು ಮಾಡುವ ಯಂತ್ರಗಳನ್ನು ಮಾರುವುದು, ಜೋಡಿಸುವುದು. ನಮ್ಮ ಊರಿನ ನೀರಿನಲ್ಲಿ ಸುಣ್ಣ ಜಾಸ್ತಿ. ನಲ್ಲಿಯ ಮೇಲೆ ಬಿಳಿ ಕರೆ ಕಟ್ಟುತ್ತದೆ, ಗೀಸರು ಹಾಳಾಗುತ್ತದೆ, ಗಾಜಿನ ಲೋಟ ಮಂಕಾಗುತ್ತದೆ. ಈ ಕರೆಯ ಮೇಲೆ ಇವರಿಗೆ ಹುಟ್ಟು ದ್ವೇಷ. ನೆಂಟರ ಮನೆಗೆ ಹೋದರೂ ಮೊದಲು ಬಚ್ಚಲು ನೋಡಿ, ಬೆರಳಿನಲ್ಲಿ ನಲ್ಲಿ ಕೆರೆದು, ನಿಟ್ಟುಸಿರು ಬಿಟ್ಟು ಆಮೇಲೆ ಕೂರುತ್ತಾರೆ. ನಮ್ಮ ಮನೆಯ ಬಚ್ಚಲು ಇವರ ಪ್ರದರ್ಶನದ ಅಂಗಡಿ. ಗಿರಾಕಿಗಳನ್ನು ಮೂರನೇ ಮಹಡಿಯವರೆಗೆ ಹತ್ತಿಸಿಕೊಂಡು ಬಂದು, "ನೋಡಿ ಸಾರ್, ಇಷ್ಟು ವರ್ಷವಾಯ್ತು, ಒಂದು ಚುಕ್ಕೆ ಇದ್ರೆ ಹೇಳಿ" ಎಂದು ತೋರಿಸುತ್ತಾರೆ. ನಾನು ಸ್ನಾನಕ್ಕೆ ಹೋಗುವ ಮೊದಲು ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿಕೊಂಡು ಹೋಗಬೇಕು.

ಜಗಳ ಆದದ್ದೂ ಇದೇ ಹುಚ್ಚಿನಿಂದ. ಒಂದು ರಜೆಯ ದಿನ ಮಾವ ಕನ್ನಡಕ ಸರಿಮಾಡಿಸಲು ಹೊರಗೆ ಹೋಗಿದ್ದರು. ಅಪ್ಪನಿಗೆ ಏನಾದರೂ ಒಳ್ಳೆಯದು ಮಾಡೋಣ ಎಂದು ಇವರಿಗೆ ಅನ್ನಿಸಿತು. ತೊಟ್ಟಿಯ ಗಾಜಿನ ಮೇಲೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತಿಳಿಗುಲಾಬಿ ಬಣ್ಣದ ಗಟ್ಟಿ ಗಂಟೊಂದು ಅಂಟಿಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಇದೇನು ಎಂದು ಕೇಳುತ್ತಿದ್ದರು. ಇವರ ಕಣ್ಣಿಗೆ ಲೋಕದಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುವುದೆಲ್ಲ ಸುಣ್ಣದ ಕರೆಯೇ. ಚೀಲದಿಂದ ಬ್ಲೇಡು ತೆಗೆದು ಕೆರೆದರು, ದ್ರಾವಣ ಹಚ್ಚಿ ಒರೆಸಿದರು, ಫಳಫಳ ಹೊಳೆಯುವಂತೆ ಮಾಡಿ ಮೆಚ್ಚುಗೆಗಾಗಿ ಕಾದು ಕೂತರು.

ಅದು ನಿಂಬೆ ಬಣ್ಣದ ಹುಳುವಿನ ಮೊಟ್ಟೆಗಳ ಗೊಂಚಲು. ಈ ಜಾತಿಯ ಹುಳು ಮೊಟ್ಟೆಯನ್ನು ನೀರಿನಲ್ಲಿ ಇಡುವುದಿಲ್ಲ, ಗಾಜು ಹತ್ತಿ ಬಂದು ಗಾಳಿಯಲ್ಲಿ ಇಡುತ್ತದೆಯಂತೆ. ಮಾವ ಅದಕ್ಕೆ ದಿನವೂ ನೀರು ಚಿಮುಕಿಸಿ, ಒಡೆಯುವುದಕ್ಕೆ ಕಾಯುತ್ತಿದ್ದರು. ಬಂದವರು ಬಗ್ಗಿ ಗೊಂಚಲಿದ್ದ ಜಾಗ ನೋಡಿದರು. ಆಮೇಲೆ, "ನೀನು ಕೈಯಿಟ್ಟ ಕಡೆ ಏನೂ ಉಳಿಯಲ್ಲ" ಎಂದರು. ಇವರಿಗೂ ಮೂಗಿನ ತುದಿಯಲ್ಲೇ ಸಿಟ್ಟು. "ನನ್ನ ಮನೆ, ನಾನು ಚೊಕ್ಕಟ ಮಾಡ್ತೀನಿ. ಈ ಮನೇಲಿ ನಿಮ್ಮದು ಅಂತ ಏನಿದೆ?" ಎಂದುಬಿಟ್ಟರು.

ಮಾತು ಬಾಯಿಂದ ಬಿದ್ದ ಕೂಡಲೇ ಇವರ ಮುಖ ಬಿಳಿಚಿಕೊಂಡಿತು. ಆದರೆ ಬಿದ್ದದ್ದು ಬಿದ್ದಿತ್ತು. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಕೋಣೆಗೆ ಹೋದರು. ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು.

ಮಾತು ಬಿಟ್ಟವರು ಬಿಟ್ಟಂತೆ ಸುಮ್ಮನಿದ್ದರಾದರೂ ಆಗುತ್ತಿತ್ತು. ಇಬ್ಬರ ಮಾತೂ ನನ್ನ ಮೂಲಕ ಓಡಾಡತೊಡಗಿತು. "ನಿನ್ನ ಗಂಡನಿಗೆ ಹೇಳು, ಫ್ಯಾನು ಸದ್ದು ಮಾಡ್ತಿದೆ." "ಅಪ್ಪನಿಗೆ ಹೇಳು, ನಾಳೆ ಸರಿ ಮಾಡ್ತೀನಿ." ಇಬ್ಬರೂ ಒಂದೇ ಮೇಜಿನಲ್ಲಿ ಎದುರುಬದುರು ಕೂತಿರುತ್ತಿದ್ದರು. ನಾನು ನಡುವೆ ಅನ್ನದ ಸೌಟು ಹಿಡಿದು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಿದ್ದೆ. ನನ್ನ ಕೆಲಸ ಬಟ್ಟೆ ಅಂಗಡಿಯ ಹಿಂಬದಿಯಲ್ಲಿ, ಜನ ಕೊಂಡ ಪ್ಯಾಂಟು ಶರ್ಟುಗಳನ್ನು ಅವರವರ ಮೈಗೆ ಸರಿಹೊಂದಿಸುವುದು. ಉದ್ದವಾದದ್ದನ್ನು ಕತ್ತರಿಸುತ್ತೇನೆ, ಬಿಗಿಯಾದದ್ದನ್ನು ಸಡಿಲಿಸುತ್ತೇನೆ. ಮನೆಗೆ ಬಂದರೂ ಅದೇ ಕೆಲಸ. ಒಬ್ಬರ ಮಾತಿನ ಚೂಪು ತುದಿ ಕತ್ತರಿಸಿ ಇನ್ನೊಬ್ಬರಿಗೆ ಹಾಕುವುದು.

ನಿಂಬೆ ಹುಳು ಮತ್ತೆ ಮೊಟ್ಟೆಯಿಟ್ಟಿತು. ಈ ಸಲ ತೊಟ್ಟಿಯ ಮುಚ್ಚಳದ ಒಳಗಡೆ. ಮಾವ ನನ್ನನ್ನು ಕರೆದು ತೋರಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು:

"ನೋಡಮ್ಮ, ಈ ಮರಿಗಳನ್ನ ನಾನು ಸಾಕ್ತೀನಿ. ಶರ್ಟಿನ ಗುಂಡಿಯಷ್ಟು ದೊಡ್ಡದಾಗಲಿ. ಆಗ ಸಾಗಿಸಬಹುದು, ಅದಕ್ಕೂ ಮೊದಲು ಸಾಗಿಸಿದ್ರೆ ಚಿಪ್ಪು ತಡೆಯಲ್ಲ. ಆಮೇಲೆ ಇವನ್ನ ತಗೊಂಡು ನಾನೂ ಹೋಗ್ತೀನಿ. ಗುಳ್ಳೆಯಣ್ಣನ ಅಂಗಡಿ ಮೇಲೆ ಒಂದು ರೂಮು ಖಾಲಿ ಇದೆ. ನಿನ್ನ ಗಂಡನಿಗೆ ಹೇಳಿಬಿಡು."

ಗುಳ್ಳೆಯಣ್ಣ ಎಂದರೆ ಬಣ್ಣದ ಮೀನು ಮಾರುವವರು. ಅಂಗಡಿಯ ತುಂಬ ತೊಟ್ಟಿಗಳು ದಿನವಿಡೀ ಗುಳುಗುಳು ಎನ್ನುವುದರಿಂದ ಬೀದಿಯವರು ಇಟ್ಟ ಹೆಸರು. ಇವರಿಗೆ ಹೇಳಿದೆ. ಇವರು ಪೈಪಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಹೋಗ್ಲಿ ಅನ್ನು" ಎಂದರು. ನಾನು ಮಾವನಿಗೆ, "ಏನೂ ಹೇಳಲಿಲ್ಲ ಮಾವ, ಸುಮ್ಮನಾದ್ರು" ಎಂದೆ. ಅಷ್ಟು ಕತ್ತರಿ ಹಾಕದಿದ್ದರೆ ಅವತ್ತೇ ಹೊರಟುಬಿಡುತ್ತಿದ್ದರು.

ನನಗೆ ಮಾವ ಬೇಕು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನಾನು ಈ ಮನೆಗೆ ಬಂದ ಹೊಸತರಲ್ಲಿ, ಗಂಡ ಊರೂರು ತಿರುಗಿ ಯಂತ್ರ ಮಾರುತ್ತಿದ್ದಾಗ, ನನ್ನ ಮಾತಿಗೆ ಕಿವಿ ಕೊಟ್ಟವರು ಅವರೊಬ್ಬರೇ. ಅಂಗಡಿಗೆ ಬಂದ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟ ಕಥೆಯನ್ನು ಹತ್ತು ಸಲ ಹೇಳಿದರೂ ಹತ್ತು ಸಲವೂ ನಗುತ್ತಾರೆ. ಅವರಿಲ್ಲದ ಮನೆಗೆ ಸಂಜೆ ಬಂದು ಏನು ಮಾಡಲಿ, ನಲ್ಲಿ ನೋಡುತ್ತ ಕೂರಲೇ?

ಹಾಗಿದ್ದೂ ಆ ಮರಿಗಳನ್ನು ಬೆಳೆಸಲು ನಾನೇ ಕೈಜೋಡಿಸಬೇಕಾಯಿತಲ್ಲ, ನನ್ನ ಹಣೆಬರಹ. ಮುಚ್ಚಳದಲ್ಲಿದ್ದ ಗೊಂಚಲನ್ನು ಅಲ್ಲೇ ಬಿಟ್ಟರೆ ನೀರಿಗೆ ಬಿದ್ದು ಕೊಳೆಯುತ್ತದೆ ಎಂದರು ಮಾವ. ಅದನ್ನು ಬಿಡಿಸುವಾಗ ಬಟ್ಟಲು ಹಿಡಿಯಲು ನಾನು. ಗೊಂಚಲಿನ ಅಂಚಿಗೆ ಒದ್ದೆ ಬೆರಳಿನಿಂದ ನೀರು ಹಚ್ಚುತ್ತ, ಪ್ಲಾಸ್ಟಿಕ್ ಸ್ಕೇಲನ್ನು ಪಕ್ಕದಿಂದ ತೂರಿಸಿ, ಕೂದಲೆಳೆಯಷ್ಟೇ ಜಾರಿಸುತ್ತ, ಮತ್ತೆ ನೀರು ಹಚ್ಚುತ್ತ ಅವರು ಕೂತ ಕೂತಲ್ಲೇ ಬೆವರಿದರು. ನನ್ನ ಊಟದ ಡಬ್ಬಿ ಹೋದದ್ದು ಆಗಲೇ. ಅದರೊಳಗೆ ಒದ್ದೆ ಬಟ್ಟೆ ಹಾಸಿ, ಮೇಲೆ ಗೊಂಚಲನ್ನಿಟ್ಟು, ಮುಚ್ಚಳಕ್ಕೆ ತೂತು ಮಾಡಿ, ತೊಟ್ಟಿಯಲ್ಲಿ ತೇಲಿಬಿಟ್ಟರು. ನೀರು ತಾಗಬಾರದು, ತೇವ ಆರಬಾರದು. ನಾನು ಊಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಹೋದೆ.

ಮರಿಗಳು ಹೊರಬಂದಾಗ ಮಾವ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಸಾಸಿವೆಗಿಂತ ಸ್ವಲ್ಪ ದೊಡ್ಡವು, ಗಾಜಿನಂಥ ಚಿಪ್ಪು, ಒಳಗಿನ ಜೀವವೇ ಕಾಣುತ್ತಿತ್ತು. ಅಷ್ಟು ಸಣ್ಣದಕ್ಕೂ ಎರಡು ಮೀಸೆ, ಅವನ್ನು ಆಡಿಸಿಕೊಂಡು ನಡೆಯುವ ಠೀವಿ ಬೇರೆ. ನನಗೆ ನಗು ಬಂತು, ಆ ನಗುವಿಗೇ ಸಿಟ್ಟೂ ಬಂತು. ತೊಟ್ಟಿಯ ನೀರು ಶುದ್ಧ ಮಾಡುವ ಪಂಪು ಮರಿಗಳನ್ನು ಎಳೆದುಕೊಳ್ಳುತ್ತದೆ ಎಂದು ಮಾವ ಕಂಗಾಲಾದರು. ಅಂಗಡಿಯಲ್ಲಿ ಉಳಿದಿದ್ದ ತೆಳು ಬಲೆ ಬಟ್ಟೆ ತಂದು, ಪಂಪಿನ ಬಾಯಿಗೆ ಸರಿಯಾಗಿ ಕೂರುವ ಟೋಪಿ ಹೊಲಿದುಕೊಟ್ಟವಳು ನಾನೇ. ಹೊಲಿಯುತ್ತ ಹೊಲಿಯುತ್ತ, ಇವು ಬದುಕಿದಷ್ಟೂ ಈ ಮನುಷ್ಯ ಬೇಗ ಹೋಗುತ್ತಾರೆ, ನಾನೆಂಥ ಪೆದ್ದಿ ಎಂದು ನನ್ನನ್ನೇ ಬೈದುಕೊಂಡೆ.

ಸ್ವಲ್ಪ ದಿನಕ್ಕೆ ಮರಿಗಳ ಚಿಪ್ಪು ಕೆಡತೊಡಗಿತು. ತುದಿಯಲ್ಲಿ ಬಿಳಿ ಬಿಳಿ ಗುಳಿ, ಅಂಚು ಹಾಳೆಯಷ್ಟು ತೆಳು. ಮುಟ್ಟಿದರೆ ಪುಡಿಯಾಗುವಂತಿತ್ತು. ಮೊದಲು ನನಗೆ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ಬೆಳೆಯದಿದ್ದರೆ ಹೋಗುವುದೂ ಇಲ್ಲವಲ್ಲ. ಆದರೆ ಮಾವ ಹಲ್ಲು ಮಾಡುವಾಗ ಹಾಕಿಕೊಳ್ಳುತ್ತಿದ್ದ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಒಂದೊಂದೇ ಮರಿಯನ್ನು ನೋಡಿ ಬದಿಗಿಡುತ್ತಿದ್ದುದನ್ನು ಕಂಡಾಗ ಆ ಸಮಾಧಾನ ಉಳಿಯಲಿಲ್ಲ. ಮೊಟ್ಟೆ ಚಿಪ್ಪಿನ ಪುಡಿ ಸುರಿದರು, ಅದು ತಳದಲ್ಲಿ ಕರಗದೆ ಬಿದ್ದುಕೊಂಡಿತು. ಸೊಪ್ಪು ಬದಲಿಸಿದರು. ಊಟವನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದರು.

ಕೊನೆಗೆ ಗುಳ್ಳೆಯಣ್ಣನೇ ಬಂದು, ತೊಟ್ಟಿಯ ನೀರನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ, ಔಷಧಿಯ ಹನಿ ಹಾಕಿ, ಬೆಳಕಿಗೆ ಹಿಡಿದು ನೋಡಿದರು. "ಈ ನೀರಲ್ಲಿ ಸುಣ್ಣವೇ ಇಲ್ವಲ್ಲ ಸಾರ್. ಇವು ಚಿಪ್ಪು ಕಟ್ಟೋದು ಯಾವುದರಿಂದ? ಊರಿಗೆಲ್ಲ ಇರೋ ಸುಣ್ಣ ನಿಮ್ಮನೇಲಿ ಎಲ್ಲೋಯ್ತು?" ಎಂದರು.

ಎಲ್ಲಿ ಹೋಯಿತು ಎಂದು ಮಾವನಿಗೂ ನನಗೂ ಒಟ್ಟಿಗೇ ಹೊಳೆಯಿತು. ಬಚ್ಚಲಿನ ಮೇಲಿನ ಅಟ್ಟದಲ್ಲಿ ಕೂತು ದಿನವಿಡೀ ಸುಣ್ಣ ನುಂಗುತ್ತಿದ್ದ ಇವರ ಯಂತ್ರ.

"ನಿನ್ನ ಗಂಡನಿಗೆ ಹೇಳಬೇಡ" ಎಂದರು ಮಾವ. "ಸತ್ತರೂ ಅವನ ಹತ್ರ ಕೇಳಲ್ಲ."

"ನೀವಲ್ಲ ಮಾವ ಸಾಯೋದು, ಮರಿಗಳು" ಎಂದೆ.

"ಹೇಳಬೇಡ ಅಂದೆ."

ನಾನು ಅಂದೇ ಹೇಳಿದೆ. ಇವರು ತಲೆಯೆತ್ತಿ, ಸ್ವಂತ ಮನೆಗೇ ಕಳ್ಳರು ನುಗ್ಗಿದರು ಎಂದು ಕೇಳಿದವರ ಹಾಗೆ ನೋಡಿದರು. "ಗಡಸು ನೀರಾ? ನನ್ನ ಮನೇಲಾ? ನಾಳೆ ಜನ ಏನಂತಾರೆ?" ಎಂದರು. "ಜನ ನಿಮ್ಮ ಬಚ್ಚಲು ನೋಡೋಕೆ ಹುಟ್ಟಿಲ್ಲ ರೀ" ಎಂದೆ. ಇವರು ಎದ್ದು ಹೋದರು. ನಾನು ಪಾತ್ರೆಗಳನ್ನು ಸದ್ದು ಮಾಡಿ ತೊಳೆದು ಸಿಟ್ಟು ತೀರಿಸಿಕೊಂಡೆ.

ಒಂದು ವಾರ ಕಳೆದಿರಬೇಕು, ನೀರು ಕಾಯಿಸುವ ಕೆಟಲಿನ ತಳದಲ್ಲಿ ಬಿಳಿ ಪದರ ಕಂಡಿತು. ಆಮೇಲೆ ಸಿಂಕಿನ ನಲ್ಲಿಯ ಕತ್ತಿನಲ್ಲಿ ಚುಕ್ಕೆಗಳು. ಆಮೇಲೆ ಬಚ್ಚಲಿನ ಗಾಜು ಮಂಕಾಯಿತು. ನನ್ನ ತಲೆಗೂದಲು ತೆಂಗಿನ ನಾರಾಯಿತು. ಯಂತ್ರ ಕೆಟ್ಟಿದೆ, ಊರಿಗೆಲ್ಲ ರಿಪೇರಿ ಮಾಡುವವರಿಗೆ ಮನೆಯದು ಕಾಣುವುದಿಲ್ಲ ಎಂದು ಇವರ ಮೇಲೆ ರೇಗಿದೆ. ಇವರು ಪೇಪರಿನ ಹಾಳೆ ತಿರುವಿದರು. ನಾನೇ ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿ ನೋಡಿದೆ. ಯಂತ್ರ ಚೆನ್ನಾಗಿಯೇ ಇತ್ತು. ಪಕ್ಕದ ವಾಲ್ವನ್ನು ತಿರುಗಿಸಿ, ನೀರು ಯಂತ್ರಕ್ಕೆ ಹೋಗದೆ ನೇರ ಮನೆಗೆ ಬರುವಂತೆ ಮಾಡಿದ್ದರು.

ಇಳಿದು ಬಂದು ಸ್ಟೂಲಿನ ಮೇಲೇ ಕೂತುಬಿಟ್ಟೆ. ಅಪ್ಪನಿಗೆಂದು ಒಂದು ನಲ್ಲಿ ಬೇರೆ ಹಾಕಿದ್ದರೆ ಸಾಕಿತ್ತು, ಇವರಿಗೆ ಅರ್ಧ ದಿನದ ಕೆಲಸ. ಆದರೆ ಹಾಕಿದರೆ, "ಅಪ್ಪ, ಈ ನಲ್ಲಿಯಿಂದ ಹಿಡ್ಕೊಳ್ಳಿ" ಎಂದು ಹೇಳಬೇಕಲ್ಲ. ಆ ಒಂದು ಮಾತು ಆಡುವುದಕ್ಕಿಂತ ಇಡೀ ಮನೆಯ ನೀರನ್ನು ಬದಲಾಯಿಸುವುದು ಈ ಮನುಷ್ಯನಿಗೆ ಸುಲಭವಾಗಿ ಕಂಡಿತು. ನನ್ನ ಕೂದಲು ಹಾಳಾದರೂ ಸರಿ, ಕೆಟಲು ಹಾಳಾದರೂ ಸರಿ.

ಮರಿಗಳ ಚಿಪ್ಪು ನಿಧಾನವಾಗಿ ಗಟ್ಟಿಯಾಗತೊಡಗಿತು. ಗುಳಿಬಿದ್ದ ತುದಿ ಹಾಗೇ ಉಳಿಯಿತು, ಹೊಸದಾಗಿ ಬೆಳೆದ ಭಾಗ ಮಾತ್ರ ನಯವಾಗಿ, ದಪ್ಪಗೆ ಬಂತು. ಮಾವನಿಗೆ ತಿಳಿಯದೇ ಇರುತ್ತದೆಯೇ? ನಲ್ಲಿಯ ಮೇಲಿನ ಚುಕ್ಕೆ ಅವರಿಗೂ ಕಾಣುತ್ತಿತ್ತು. ಆದರೆ ಅವರೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಒಬ್ಬ ಲಾಡ್ಜಿನ ಮಾಲೀಕರು ಹೇಳದೆ ಕೇಳದೆ ಬಂದರು. ಎಲ್ಲ ಕೋಣೆಗಳಿಗೂ ಸೇರಿ ದೊಡ್ಡ ಯಂತ್ರ ಹಾಕಿಸುವ ಮಾತಾಗುತ್ತಿತ್ತು, ಇವರು ಅದಕ್ಕಾಗಿ ತಿಂಗಳುಗಟ್ಟಲೆ ಓಡಾಡಿದ್ದರು. "ನಿಮ್ಮನೆ ಬಚ್ಚಲು ತೋರಿಸ್ತೀನಿ ಅಂದಿದ್ರಲ್ಲ, ಈ ಕಡೆ ಬಂದಿದ್ದೆ" ಎಂದರು ಅವರು. ಇವರು ತಡೆಯುವಷ್ಟರಲ್ಲಿ ಬಚ್ಚಲಿನ ದೀಪ ಹಾಕಿಯೂ ಆಗಿತ್ತು. ಮಾಲೀಕರು ನಲ್ಲಿ ನೋಡಿದರು, ಷವರ್ ನೋಡಿದರು, ಬೆರಳಿನಲ್ಲಿ ಕೆರೆದು ಬಿಳಿ ಪುಡಿಯನ್ನು ಇವರಿಗೇ ತೋರಿಸಿದರು.

"ನಿಮ್ಮನೇಲೇ ಹೀಗಾ?"

"ಸರ್ವೀಸ್ ಆಗಬೇಕು ಸಾರ್. ತಡವಾಗಿದೆ, ನನ್ನದೇ ತಪ್ಪು" ಎಂದರು ಇವರು.

ಅಪ್ಪನ ಮರಿಗಳಿಗಾಗಿ ವಾಲ್ವು ತಿರುಗಿಸಿದ್ದೇನೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮಾಲೀಕರು ನಯವಾಗಿಯೇ ನಕ್ಕು, ಯೋಚನೆ ಮಾಡಿ ತಿಳಿಸುತ್ತೇನೆ ಎಂದು ಇಳಿದುಹೋದರು. ಮಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಒಳಗೆ ಹೋಗಿ, "ಕೇಳಿಸಿತಾ ಮಾವ?" ಎಂದೆ. "ಏನಮ್ಮ? ನನಗೆ ಕಿವಿ ಸರಿಯಾಗಿ ಕೇಳಲ್ಲ" ಎಂದರು. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವ ಕಿವಿ ಅದು.

ಮರುದಿನ ನಾನು ಕೆಲಸದಿಂದ ಬಂದಾಗ ಮನೆಯ ನಲ್ಲಿಗಳೆಲ್ಲ ಕನ್ನಡಿಯಾಗಿದ್ದವು. ಸಿಂಕು, ಬಚ್ಚಲು, ಬಾಲ್ಕನಿಯ ಮುರುಕು ನಲ್ಲಿ ಕೂಡ. ಕಟ್ಟು ಹಲ್ಲಿಗೆ ಹೊಳಪು ಕೊಡುವ ಪುಡಿಯೂ ಮೆತ್ತನೆಯ ಬಟ್ಟೆಯೂ ಮಾವನ ಮಂಚದ ಕೆಳಗಿನ ಡಬ್ಬದಲ್ಲಿ ಇನ್ನೂ ಇದ್ದವು ಎಂದು ನನಗೆ ಗೊತ್ತಿತ್ತು. ಅವರ ಉಗುರುಗಳ ಸಂದಿಯಲ್ಲಿ ಆ ಪುಡಿ ಇತ್ತು. ಇವರು ಬಂದು, ಕೈ ತೊಳೆಯಲು ಹೋದವರು ಹಾಗೇ ನಿಂತರು.

"ನೀನಾ ಮಾಡಿದ್ದು?"

"ನನಗೆ ಬೇರೆ ಕೆಲಸ ಇಲ್ವಾ?" ಎಂದೆ.

ಇವರು ನೀರು ಹರಿಯಬಿಟ್ಟುಕೊಂಡು ಆ ನಲ್ಲಿಯನ್ನೇ ನೋಡುತ್ತಿದ್ದರು. ಈಗಲಾದರೂ ಮಾತಾಡುತ್ತಾರೆ ಎಂದುಕೊಂಡೆ. ಊಟಕ್ಕೆ ಕೂತಾಗ ಮಾವ ನನ್ನ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಮರಿಗಳು ಗುಂಡಿಯಷ್ಟಾಗಿವೆ. ಭಾನುವಾರ ಹೊರಡ್ತೀನಿ" ಎಂದರು. ಇವರು ತಟ್ಟೆ ನೋಡುತ್ತ, "ಆಯ್ತು ಅನ್ನು" ಎಂದರು. ನನಗೆ ಆ ಸೌಟನ್ನು ಇಬ್ಬರ ತಲೆಗೂ ಕುಟ್ಟಬೇಕು ಅನ್ನಿಸಿತು. ಒಬ್ಬರು ಹೋಗುತ್ತೇನೆ ಎಂದು ಹೇಳಿದ್ದಾರಂತೆ, ಅದಕ್ಕೆ ಹೋಗಲೇಬೇಕಂತೆ. ಇನ್ನೊಬ್ಬರು ಹೋಗಲಿ ಎಂದು ಹೇಳಿದ್ದಾರಂತೆ, ಅದಕ್ಕೆ ತಡೆಯುವಂತಿಲ್ಲವಂತೆ.

ಭಾನುವಾರ ಬೆಳಿಗ್ಗೆ ಮಾವನ ಕೋಣೆಗೆ ಕಾಲಿಟ್ಟರೆ ಗೂಟದಲ್ಲಿ ಬಟ್ಟೆಯಿಲ್ಲ, ಕಪಾಟು ಖಾಲಿ, ಮಂಚದ ಕೆಳಗಿನ ಡಬ್ಬವೂ ಇಲ್ಲ. ಹಳೆಯ ಪೆಟ್ಟಿಗೆಯೊಂದು ಬಾಗಿಲ ಬಳಿ ಕೂತಿತ್ತು. ಮಾವ ಅಗಲ ಡಬ್ಬಗಳಿಗೆ ಒದ್ದೆ ಬಟ್ಟೆ ಹಾಸಿ, ಮರಿಗಳನ್ನು ಗಾಜಿನಿಂದ ಬಿಡಿಸುತ್ತಿದ್ದರು. ತೊಟ್ಟಿಯನ್ನೂ ಎರಡು ದೊಡ್ಡ ಹುಳುಗಳನ್ನೂ ಇನ್ನೊಂದು ಸಲ ಬಂದು ಒಯ್ಯುವುದೆಂದಾಗಿತ್ತು. ನಾನು ಸೆರಗು ಸಿಕ್ಕಿಸಿ ಕೂತೆ. ಸ್ವಲ್ಪ ಹೊತ್ತಿಗೆ ಇವರೂ ಬಂದರು. ಅಂಗಿಯ ತೋಳು ಮಡಚಿ, ತೊಟ್ಟಿಯ ಇನ್ನೊಂದು ಬದಿಗೆ ಕೂತು, ಒಂದು ಮರಿಯನ್ನು ಹಿಡಿದು ಎಳೆದರು.

"ಎಳೀಬೇಡ" ಎಂದರು ಮಾವ. "ಕಾಲು ಹರಿದುಹೋಗುತ್ತೆ. ಪಕ್ಕಕ್ಕೆ ಜಾರಿಸು."

ಎಷ್ಟೋ ದಿನಗಳ ಮೇಲೆ ಅಪ್ಪ ಮಗನಿಗೆ ನೇರವಾಗಿ ಆಡಿದ ಮಾತು.

"ಜಾರಿಸಿದ್ರೂ ಬರ್ತಿಲ್ಲ."

"ಬೆರಳು ಒದ್ದೆ ಮಾಡ್ಕೋ. ಅದಾಗೇ ಬಿಡೋವರೆಗೂ ಕಾಯಿ. ನಿನಗೆ ಯಾವುದಕ್ಕೂ ಕಾಯೋಕಾಗಲ್ಲ."

"ಕಾಯ್ತಾ ಇದೀನಲ್ಲ."

"ಇದು ಕಾಯೋದಾ?"

ಹೀಗೇ ಕೊನೆಯ ಮರಿಯವರೆಗೂ ನಡೆಯಿತು. ಎಷ್ಟು ಒತ್ತಬೇಕು, ಎಷ್ಟು ಒದ್ದೆಯಿರಬೇಕು, ಒಂದರ ಮೇಲೊಂದು ಬೀಳದಂತೆ ಹೇಗಿಡಬೇಕು. ನಾನು ಒಂದು ಮಾತೂ ಆಡಲಿಲ್ಲ, ಆಡಿದರೆ ಮತ್ತೆ ನನ್ನ ಮೂಲಕ ಶುರುವಾಗುತ್ತದೆ ಎಂಬ ಹೆದರಿಕೆ. ಆದರೆ ಡಬ್ಬಗಳ ಮುಚ್ಚಳ ಮುಚ್ಚಿದ್ದೇ ತಡ, ಇಬ್ಬರ ಬಾಯಿಯೂ ಮುಚ್ಚಿಕೊಂಡಿತು. ಕೆಳಗೆ ಗುಳ್ಳೆಯಣ್ಣನ ವ್ಯಾನು ಹಾರನ್ ಮಾಡಿತು. ಮಾವ ಡಬ್ಬಗಳನ್ನು ಎದೆಗವಚಿಕೊಂಡು ಹೊರಟರು. ಇವರು ಬಗ್ಗಿ ಪೆಟ್ಟಿಗೆಯನ್ನು ಎತ್ತಿಕೊಂಡರು. ಅಪ್ಪನಿಗೆ ಹೋಗಬೇಡಿ ಎನ್ನುತ್ತಾರೆ ಎಂದು ಕಾದ ನನಗೆ ಈ ಮಹಾರಾಯ ಪೆಟ್ಟಿಗೆ ಹೊತ್ತು ಬೀಳ್ಕೊಡಲು ಹೊರಟದ್ದು ಕಂಡು ಮೈಯೆಲ್ಲ ಉರಿಯಿತು. ಅದೂ ಹೇಗೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. "ಬೇಗ ಇಳೀರಿ, ಅವರು ಕಾಯ್ತಿದ್ದಾರೆ" ಎಂದು ಹಿಂದಿನಿಂದ ರೇಗಿದೆ.

ವ್ಯಾನಿನ ಮುಂದಿನ ಸೀಟಿನಲ್ಲಿ ಮಾವ ಕೂತರು, ಡಬ್ಬಗಳು ತೊಡೆಯ ಮೇಲೆ. ಗುಳ್ಳೆಯಣ್ಣ ಒಳ್ಳೆಯ ಮಾತಾಡಲು ಹೋಗಿ ಹೇಳಿದರು: "ನಮ್ಮ ರೂಮಿನ ಮೆಟ್ಟಿಲಿಗೆ ಇನ್ನು ಭಯ ಇಲ್ಲ ಸಾರ್. ಮೊನ್ನೆ ನಿಮ್ಮ ಮಗ ಬಂದು ಕಬ್ಬಿಣದ ಹಿಡಿಕೆ ಹಾಕಿಕೊಟ್ರು. ಅಪ್ಪನಿಗೆ ಮಂಡಿ ನೋವು ಅಂತ."

ಅಷ್ಟು ಕೇಳಿದ್ದೇ ನನ್ನ ತಾಳ್ಮೆ ಕೆಟ್ಟಿತು.

"ಹಿಡಿಕೆ ಹಾಕಿದ್ರಾ?" ಎಂದೆ. "ಅಪ್ಪ ಹೋಗೋಕೆ ದಾರಿ ಸರಿ ಮಾಡಿಕೊಟ್ರಾ? ವಾಲ್ವು ತಿರುಗಿಸೋಕೆ ಬರುತ್ತೆ, ಹಿಡಿಕೆ ಹಾಕೋಕೆ ಬರುತ್ತೆ, ಬಾಯಿ ತೆಗೆದು ಒಂದು ಮಾತು ಆಡೋಕೆ ಬರಲ್ಲ. ಮಾವ, ನೀವೂ ಅಷ್ಟೆ. ಮನೆ ನಲ್ಲಿಗಳನ್ನೆಲ್ಲ ಉಜ್ಜಿದ್ರಲ್ಲ, ಯಾರಿಗೋಸ್ಕರ? ಇನ್ನು ನಾನು ಯಾರ ಮಾತನ್ನೂ ಯಾರಿಗೂ ಮುಟ್ಟಿಸಲ್ಲ. ಹೋಗೋರು ಹೇಳಿ ಹೋಗಿ. ಕಳಿಸೋರು ಹೇಳಿ ಕಳಿಸಿ."

ಎದುರು ಬದಿಯಲ್ಲಿ ಯಾರೋ ಕಿಟಕಿ ತೆರೆದರು. ತೆರೆಯಲಿ. ಗುಳ್ಳೆಯಣ್ಣ ವ್ಯಾನಿನ ಚಕ್ರ ಪರೀಕ್ಷಿಸುವವರ ಹಾಗೆ ಆ ಕಡೆ ಹೋದರು. ಇವರು ಪೆಟ್ಟಿಗೆಯನ್ನು ಇನ್ನೂ ವ್ಯಾನಿಗೆ ಹಾಕಿರಲಿಲ್ಲ. ಅದನ್ನು ಗೇಟಿನ ಬಳಿ ಇಟ್ಟರು.

"ಹೋಗಬೇಡಿ" ಎಂದರು.

ಮಾವ ನನ್ನತ್ತ ತಿರುಗಿದರು. "ಯಾರಿಗೆ ಹೇಳ್ತಿದ್ದಾನೆ?"

ನಾನು ಬಾಯಿಗೆ ಬೀಗ ಹಾಕಿಕೊಂಡು ರಸ್ತೆ ನೋಡಿದೆ. ಬೇರೆ ದಾರಿಯಿಲ್ಲದೆ ಅವರು ಮಗನ ಕಡೆ ತಿರುಗಬೇಕಾಯಿತು.

"ಯಾರಿಗೆ ಹೇಳಿದೆ?"

"ನಿಮಗೆ, ಅಪ್ಪ. ಅವತ್ತು ಆಡಬಾರದ ಮಾತು ಆಡಿದೆ. ಅದನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ನನಗೆ ಗೊತ್ತಾಗಲಿಲ್ಲ. ಹೋಗಬೇಡಿ." ನಮ್ಮ ಮದುವೆಯಾದಂದಿನಿಂದ ಈ ಮನುಷ್ಯ ಇಷ್ಟೊಂದು ಮಾತನ್ನು ಒಟ್ಟಿಗೆ, ಯಂತ್ರದ ವಿಷಯ ಬಿಟ್ಟು, ಆಡಿದ್ದನ್ನು ನಾನು ಕೇಳಿರಲಿಲ್ಲ.

ಮಾವ ಡಬ್ಬದ ಮುಚ್ಚಳವನ್ನು ಬೆರಳಿನಿಂದ ಸವರುತ್ತ ಕೂತರು. ಆಮೇಲೆ ಗುಳ್ಳೆಯಣ್ಣನನ್ನು ಕರೆದು ಡಬ್ಬಗಳನ್ನು ಅವರ ಕೈಗೆ ಕೊಟ್ಟರು. "ಮರಿಗಳನ್ನ ನೀವು ತಗೊಂಡು ಹೋಗಿ. ಒಂದೇ ಸಲ ನಿಮ್ಮ ತೊಟ್ಟಿಗೆ ಸುರೀಬೇಡಿ. ನಿಮ್ಮ ನೀರನ್ನ ಚೂರು ಚೂರೇ ಡಬ್ಬಕ್ಕೆ ಹಾಕ್ತಾ, ಅವು ಮೀಸೆ ಹೊರಗೆ ಹಾಕಿದ ಮೇಲೆ ಬಿಡಿ. ದೊಡ್ಡ ಮೀನುಗಳ ಜೊತೆ ಬೇಡ. ಕೆರೆಗೆ, ಕಾಲುವೆಗೆ ಅಂತೂ ಯಾರಿಗೂ ಬಿಡೋಕೆ ಕೊಡಬೇಡಿ, ಅಲ್ಲಿರೋ ಗಿಡವೆಲ್ಲ ತಿಂದುಹಾಕ್ತವೆ." ಹುಳು ಮಾರುವವರಿಗೇ ಹುಳುವಿನ ಪಾಠ. ಗುಳ್ಳೆಯಣ್ಣ ಎಲ್ಲದಕ್ಕೂ ತಲೆಯಾಡಿಸಿದರು.

ಇಳಿಯುವಾಗ ಮಾವನ ಮಂಡಿ ಹಿಡಿದುಕೊಂಡಿತು. ಇವರು ಭುಜ ಕೊಟ್ಟರು. ಮೆಟ್ಟಿಲು ಹತ್ತುತ್ತಲೇ ಜಗಳ ಶುರು. ತೊಟ್ಟಿಗೊಂದು ಬೇರೆ ನಲ್ಲಿ ಹಾಕಿಕೊಡುತ್ತೇನೆ ಎಂದರು ಇವರು. ಅದನ್ನು ಮೊದಲೇ ಮಾಡಲು ಏನಾಗಿತ್ತು ಧಾಡಿ ಎಂದರು ಅವರು. ಬಲಗಡೆ ಹಾಕಬೇಕೋ ಎಡಗಡೆಯೋ ಎಂದು ಎರಡನೇ ಮಹಡಿ ದಾಟುವವರೆಗೂ ಕೇಳಿಸುತ್ತಿತ್ತು. ನಾನೊಬ್ಬಳು ಕೆಳಗಿದ್ದೇನೆ ಎನ್ನುವುದು ಇಬ್ಬರಿಗೂ ನೆನಪಿರಲಿಲ್ಲ. ಪೆಟ್ಟಿಗೆ ಗೇಟಿನ ಬಳಿಯೇ ಉಳಿದಿತ್ತು. ಇದನ್ನೂ ನಾನೇ ಹೊರಬೇಕು, ಇನ್ಯಾರು ಹೊರುತ್ತಾರೆ ಎಂದು ಬೈದುಕೊಳ್ಳುತ್ತ, ಸೊಂಟ ಗಟ್ಟಿಮಾಡಿಕೊಂಡು, ಎರಡೂ ಕೈಯಿಂದ ಹಿಡಿದು ಎತ್ತಿದೆ.

ಎತ್ತಿದ ರಭಸಕ್ಕೆ ಮುಗ್ಗರಿಸಿದೆ. ಅದರಲ್ಲಿ ತೂಕವೇ ಇರಲಿಲ್ಲ. ಖಾಲಿಯಾದ ಕಪಾಟನ್ನು ಬೆಳಿಗ್ಗೆ ನನ್ನ ಕಣ್ಣಾರೆ ನೋಡಿದ್ದೆ, ತೊಟ್ಟಿಯೊಂದನ್ನು ಬಿಟ್ಟರೆ ಮಾವ ಏನನ್ನೂ ಉಳಿಸಿ ಹೊರಟಿರಲಿಲ್ಲ. ಇಷ್ಟು ವರ್ಷ ನಮ್ಮ ಜೊತೆ ಬಾಳಿದ ಮನುಷ್ಯನ ಸ್ವಂತದ್ದೆಲ್ಲ ಸೇರಿ ನನ್ನ ಎರಡು ಬೆರಳಿಗೆ ತೂಗುತ್ತಿತ್ತು. ಇವರು ಇದನ್ನು ಹಿಡಿದುಕೊಂಡು ಮೂರು ಮಹಡಿ ಇಳಿದಿದ್ದರು, ಮತ್ತು ನಾನು ಹಿಂದಿನಿಂದ, ಬೇಗ ಇಳೀರಿ ಎಂದಿದ್ದೆ.